ಹಿಡಿ ಅಕ್ಕಿಯ ಶುಕ್ರವಾರಗಳು

1988ರ ಜೂನ್‌ನಲ್ಲಿ ನಾನು ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದೆ. ಅಪ್ಪ ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ಮನೆಮಂದಿಯೆಲ್ಲ ಹಡ್ಸನ್ ಸರ್ಕಲ್ಲಿನ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಹೊರಡುತ್ತಿದ್ದೆವು. ಹಾಗಾಗಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ ನನಗೆ ಮಾತು ಬಂದಾಗಿನಿಂದ ಬಾಯಿಪಾಠ. ಬಾಯಿಪಾಠವಾದದ್ದರ ಅರ್ಥವನ್ನು ಯಾರು ಕೇಳಿಕೊಳ್ಳುತ್ತಾರೆ? ನಾನೂ ಕೇಳಿಕೊಂಡಿರಲಿಲ್ಲ.

ಶಾಲೆಯಲ್ಲಿ ಬೆಳಗಿನ ಗಂಟೆಯಾದ ಮೇಲೆ ಅದೇ ಪ್ರಾರ್ಥನೆ. ನಂತರ ಒಬ್ಬ ಹುಡುಗಿ ಮುಂದೆ ಬಂದು ಮೂರು ವಾಕ್ಯ ಹೇಳಬೇಕು: ನಮಗೆ ಕನಿಕರದ ಮನಸ್ಸು ಕೊಡು, ನಮ್ಮನ್ನು ಜ್ಞಾನದಲ್ಲಿ ಬೆಳೆಸು, ನಮ್ಮ ಕೈಗಳು ಇನ್ನೊಬ್ಬರ ಕೆಲಸಕ್ಕೆ ಬರಲಿ. ಇಷ್ಟೇ. ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಕ್ರೈಸ್ತರಲ್ಲದ ಮಕ್ಕಳೇ ಹೆಚ್ಚಿದ್ದ ಶಾಲೆ ಅದು. ಕಣ್ಣು ಮುಚ್ಚಿಯೇ ನಿಲ್ಲಬೇಕೆಂದು ಯಾರಿಗೂ ಬಲವಂತವಿರಲಿಲ್ಲ, ಆದರೂ ಆ ಮೂರು ವಾಕ್ಯ ಎಲ್ಲರಿಗೂ ಬರುತ್ತಿತ್ತು.

ನಮ್ಮ ಕನ್ನಡ ಮಿಸ್ ಒಂದು ದಿನ ವ್ಯಾಕರಣದ ಪಾಠದಲ್ಲಿ ಸರ್ವನಾಮ ಹೇಳಿಕೊಡುತ್ತಿದ್ದರು. ಇದ್ದಕ್ಕಿದ್ದಂತೆ, ‘ಬೆಳಿಗ್ಗೆ ಹೇಳ್ತೀರಲ್ಲ ಪರಲೋಕ ಪ್ರಾರ್ಥನೆ, ಅದರಲ್ಲಿ ಉತ್ತಮ ಪುರುಷ ಏಕವಚನ ಎಲ್ಲಿದೆ ಹುಡುಕಿ’ ಅಂದರು. ನಾವು ಬೆರಳು ಮಡಚುತ್ತ ಗುನುಗಿದೆವು. ನಮ್ಮ ತಂದೆ. ನಮ್ಮ ಅನುದಿನದ ಆಹಾರ. ನಮ್ಮ ತಪ್ಪುಗಳು. ನಮ್ಮನ್ನು ಕೇಡಿನಿಂದ ತಪ್ಪಿಸು. ಮೊದಲಿನಿಂದ ಕೊನೆಯವರೆಗೆ ‘ನಾನು’ ಇಲ್ಲ, ‘ನನ್ನ’ ಇಲ್ಲ, ‘ನನಗೆ’ಯೂ ಇಲ್ಲ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವಳು ನಾನು, ನನಗೇ ಅದು ಕಂಡಿರಲಿಲ್ಲ. ಮಿಸ್ ಬಹುವಚನದ ಕೆಳಗೆ ಗೆರೆ ಎಳೆದು ಮುಂದಿನ ಪಾಠಕ್ಕೆ ಹೋದರು. ನನ್ನ ಮನಸ್ಸು ಮಾತ್ರ ಅಲ್ಲೇ ನಿಂತುಬಿಟ್ಟಿತು.

ಈ ‘ನಮ್ಮ’ ಎಂಬ ಮಾತು ಏನೆಂದು ತಿಳಿದದ್ದು ಶುಕ್ರವಾರಗಳಲ್ಲಿ. ನಮ್ಮ ಅಜ್ಜಿ ಅನ್ನಕ್ಕಿಡುವಾಗಲೆಲ್ಲ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದು ಚರ್ಚಿನ ಸಭೆಗೆ ಕೊಡುವ ಹಿಡಿ ಅಕ್ಕಿ. ಎಷ್ಟೋ ಕ್ರೈಸ್ತ ಮನೆಗಳಲ್ಲಿ ಈ ಪದ್ಧತಿ ಇತ್ತು. ಶ್ರಮೆಯ ದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ 40 ದಿನ, ನಮ್ಮ ಶಾಲೆಯಲ್ಲೂ ಇದನ್ನು ನಡೆಸುತ್ತಿದ್ದರು. ಶುಕ್ರವಾರ ಪ್ರತಿಯೊಬ್ಬ ಹುಡುಗಿ ಒಂದು ಹಿಡಿ ಅಕ್ಕಿ ಕಾಗದದಲ್ಲಿ ಕಟ್ಟಿ ತರಬೇಕು. ತಗಡಿನ ಡಬ್ಬದ ಮುಂದೆ ಸಾಲು. ಸೋನಾ ಮಸೂರಿ, ರೇಷನ್ನಿನ ದಪ್ಪಕ್ಕಿ, ಮಂಗಳೂರಿನ ಕಡೆಯವರ ಕುಚ್ಚಲಕ್ಕಿ, ಎಲ್ಲ ಸುರ್ರೆಂದು ಒಳಗೆ ಬೀಳುತ್ತಿತ್ತು. ನಲವತ್ತು ಹುಡುಗಿಯರ ನಲವತ್ತು ಹಿಡಿ ಸೇರಿದರೆ ಸುಮಾರು ಎರಡು ಕಿಲೋ. ಮಿಸ್ ಡಬ್ಬದೊಳಗೆ ಕೈ ಹಾಕಿ ಕಲಸಿ, ‘ಈಗ ನಿಮ್ಮ ನಿಮ್ಮ ಅಕ್ಕಿ ಆರಿಸಿಕೊಳ್ಳಿ ನೋಡೋಣ’ ಎನ್ನುತ್ತಿದ್ದರು. ಕಾಟನ್‌ಪೇಟೆಯ ಹಮಾಲಿಯ ಮಗಳು ತಂದದ್ದೂ ಜವಳಿ ಅಂಗಡಿಯವರ ಮಗಳು ತಂದದ್ದೂ ಬೆರೆತುಹೋಗಿರುತ್ತಿತ್ತು.

ಒಂದು ಶುಕ್ರವಾರದ ಮಾತು ಹೇಳಲೇಬೇಕು. ತಿಂಗಳ ಕೊನೆ, ಮನೆಯಲ್ಲಿ ಅಕ್ಕಿ ಕಡಿಮೆಯಿತ್ತು. ಯಾರೂ ಹೇಳಿರಲಿಲ್ಲ, ನಾನೇ ಕೋಳಿಗೆಂದು ತೆಗೆದಿಟ್ಟಿದ್ದ ನುಚ್ಚನ್ನು ಕಟ್ಟಿಕೊಂಡು ಹೋದೆ. ಅದರ ತುಂಬ ಕಲ್ಲು, ಹೊಟ್ಟು. ಯಾರಿಗೂ ಕಾಣದಂತೆ ಸುರಿಯಬೇಕೆಂದಿದ್ದೆ, ಮಿಸ್ ಕಣ್ಣಿಗೆ ಬಿತ್ತು. ಅವರು ಬೈಯಲಿಲ್ಲ. ಊಟದ ಹೊತ್ತಿನಲ್ಲಿ ಆಯಮ್ಮನ ಹತ್ತಿರ ಮೊರ ತರಿಸಿ, ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು, ತಾವೂ ಸೆರಗು ಸಿಕ್ಕಿಸಿ ಕೂತರು. ಇಬ್ಬರೂ ನುಚ್ಚು ಕೇರಿ, ಕಲ್ಲು ಆರಿಸಿದೆವು. ಅವರ ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ‘ನುಚ್ಚಾದರೇನು, ಆರಿಸಿ ಕೊಡಬೇಕಮ್ಮ’ ಅಂದರು. ಬೆಳಿಗ್ಗೆ ನಾನೇ ಮುಂದೆ ನಿಂತು ಕನಿಕರದ ವಾಕ್ಯ ಹೇಳಿದ್ದೆ. ಅಂದು ಆದ ನಾಚಿಕೆ ಇವತ್ತಿಗೂ ನೆನಪಿದೆ.

ಅಕ್ಕಿ ಹೋಗುತ್ತಿದ್ದದ್ದು ಹೊಸೂರು ರಸ್ತೆಯ ವೃದ್ಧಾಶ್ರಮಕ್ಕೆ, ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ರೈಸ್ತ ಸನ್ಯಾಸಿನಿಯರ ಸಂಘ ನಡೆಸುವ ಮನೆಗೆ. ಬಿಟಿಎಸ್ ಬಸ್ಸಿನಲ್ಲಿ ಡಬ್ಬ ಹೊತ್ತು ನಾವೇ ಹೋಗುತ್ತಿದ್ದೆವು. ಹಲವು ಬಗೆಯ ಅಕ್ಕಿ ಬೆರೆತರೆ ಅನ್ನ ಒಂದೇ ಹದಕ್ಕೆ ಬೇಯುವುದಿಲ್ಲ, ನೆನೆಹಾಕಿ ದೋಸೆಗೆ ರುಬ್ಬುತ್ತೇವೆ ಎಂದು ಅಲ್ಲಿ ಅಡುಗೆಯವರು ಹೇಳಿದ್ದರು. ಆ ಸಿಸ್ಟರುಗಳ ಸಂಘ ಹುಟ್ಟಿದ ಕಥೆಯನ್ನೂ ಅಲ್ಲೇ ಕೇಳಿದೆ. 1839ರಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬ ಬಡ ಹೆಂಗಸು ಕಣ್ಣು ಕಾಣದ, ಪಾರ್ಶ್ವವಾಯು ಬಡಿದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳಂತೆ. ಮುಂದೆ ವೃದ್ಧರಿಗಾಗಿ ಬುಟ್ಟಿ ಹಿಡಿದು ಮನೆಮನೆ ಬೇಡಿದಳಂತೆ. ನನಗೆ ಅಜ್ಜಿಯ ಅಕ್ಕಿ ಡಬ್ಬಿ ನೆನಪಾಯಿತು.

ಎರಡನೇ ವಾಕ್ಯದ ‘ಬೆಳೆಸು’ ನನಗೆ ಬಹಳ ದಿನ ಅಂಕಪಟ್ಟಿಯ ಮಾತಾಗಿಯೇ ಇತ್ತು. ಒಂಬತ್ತರಲ್ಲಿ ಗಣಿತದಲ್ಲಿ ಫೇಲಾದಾಗ, ದೇವರಿಗೆ ಕಿವಿ ಇಲ್ಲವೇ ಎಂದು ಅತ್ತಿದ್ದೆ. ಆಗ ಮಿಸ್ ಬೈಬಲಿನಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ತೋರಿಸಿದರು. ಹನ್ನೆರಡನೇ ವಯಸ್ಸಿನಲ್ಲಿ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತಿದ್ದ ಕಥೆ ಇದೆ. ಸುಮಾರು ಮೂವತ್ತನೇ ವಯಸ್ಸಿಗೆ ಬೋಧನೆ ಶುರು. ನಡುವಿನ ಹದಿನೆಂಟು ವರ್ಷಕ್ಕೆ, ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆದನು ಎಂಬ ಅರ್ಥದ ಒಂದೇ ವಾಕ್ಯ. ‘ಹದಿನೆಂಟು ವರ್ಷ ಯಾರಿಗೂ ಕಾಣದೆ ಬೆಳೆದಿದ್ದಾರೆ, ನಿನಗೆ ಒಂದು ಪರೀಕ್ಷೆಗೆ ಇಷ್ಟು ಅವಸರವೇ’ ಎಂದರು. ಮುಂದಿನ ವರ್ಷ ಪಾಸಾದೆ, ಅದು ದೊಡ್ಡ ವಿಷಯವಲ್ಲ.

ಶಾಲೆ ಬಿಡುವ ವರ್ಷ ಸಂತ ಫ್ರಾನ್ಸಿಸರ ಹೆಸರಿನ ಪ್ರಾರ್ಥನೆ ಕಲಿತೆವು, ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು ಎಂಬುದು. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಆ ಪ್ರಾರ್ಥನೆ ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಇದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಹೆಸರಿಲ್ಲವೆಂದೇ ನನಗೆ ಅದರ ಮೇಲೆ ಪ್ರೀತಿ ಹೆಚ್ಚಾಯಿತು. ಈ ಪ್ರಾರ್ಥನೆಯ ತುಂಬ ಮಾತ್ರ ಏಕವಚನ. ಅನ್ನ ಬೇಡುವಾಗ ‘ನಮಗೆ’, ದ್ವೇಷವಿದ್ದಲ್ಲಿ ಪ್ರೀತಿ ಬಿತ್ತುವ ಕೆಲಸ ಬಂದಾಗ ‘ನನ್ನಿಂದ’. ಮಿಸ್ ಇದ್ದಿದ್ದರೆ ಓಡಿಹೋಗಿ ಹೇಳುತ್ತಿದ್ದೆ.

ನಾನು ನರ್ಸ್ ಆದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಚರ್ಚಿನ ಪಾದ್ರಿ ಅಯ್ಯನವರು, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆಯನ್ನು, ಯೇಸು ಹೇಳಿದ್ದನ್ನು, ಪ್ರಸಂಗ ಮಾಡುತ್ತ, ‘ಕನಿಕರಪಟ್ಟನು’ ಎಂಬಲ್ಲಿ ಮೂಲ ಗ್ರೀಕಿನಲ್ಲಿರುವ ಮಾತು ಕರುಳಿಗೆ ಸಂಬಂಧಿಸಿದ್ದು ಎಂದರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಕರುಳು ಚುರ್ ಅಂದಿತು ಎನ್ನುತ್ತೇವಲ್ಲ. ಆ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ, ಆ ಕಾಲದ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದೂ ಹೇಳಿದ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ, ವಾಸನೆಗೆ ಮನೆಯವರೇ ದೂರ ಸರಿದಾಗ, ನಾನು ಮನಸ್ಸಿನಲ್ಲಿ ಶಾಲೆಯ ಮೂರನೇ ವಾಕ್ಯ ಹೇಳಿಕೊಳ್ಳುತ್ತೇನೆ. ಗಾಯದ ಬಟ್ಟೆ ಬಿಚ್ಚುವ ಕೈ ನಿಧಾನವಾಗುತ್ತದೆ.

ಅಜ್ಜಿಯ ಡಬ್ಬಿ ಈಗ ನಮ್ಮ ಮನೆಯಲ್ಲಿದೆ. ಮೊನ್ನೆ ನನಗೆ ರಾತ್ರಿ ಡ್ಯೂಟಿ ಇತ್ತು, ಮಗಳು ಅನ್ನಕ್ಕಿಡುತ್ತಿದ್ದಳು. ಅಕ್ಕಿ ಅಳೆದು, ಒಂದು ಹಿಡಿ ತೆಗೆದು, ಡಬ್ಬಿಗೆ ಹಾಕುವ ಮೊದಲು ಟ್ಯೂಬ್‌ಲೈಟಿನ ಕೆಳಗೆ ಅಂಗೈ ಬಿಡಿಸಿ ನೋಡಿದಳು. ಒಂದು ಕಲ್ಲು ಸಿಕ್ಕಿತು. ಆರಿಸಿ ಕಿಟಕಿಯಾಚೆ ಎಸೆದಳು.