ಜರ್ಮನಿಗೆ ಹೊರಡುವ ಮೊದಲೇ ಬಾಡಿಗೆ ಮನೆ ಗೊತ್ತು ಮಾಡಿಕೊಳ್ಳಬೇಕೆ?

ಎಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಓದಲು ಜರ್ಮನಿಗೆ ಹೊರಟವರು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರು, ನಾನು ಕೆಲವು ವರ್ಷ ಅಲ್ಲಿದ್ದು ತುಮಕೂರಿಗೆ ಮರಳಿದವಳೆಂದು ತಿಳಿದ ಕೂಡಲೇ ಕೇಳುವ ಪ್ರಶ್ನೆ ಇದು: ಇಲ್ಲಿಂದಲೇ ಅಡ್ವಾನ್ಸ್ ಕಟ್ಟಿ ಮನೆ ಗೊತ್ತು ಮಾಡಿಕೊಂಡು ಹೋದರೆ ನಿಶ್ಚಿಂತೆಯಲ್ಲವೆ? ಮಗಳು ಗೊತ್ತಿಲ್ಲದ ಊರಿನಲ್ಲಿ ಇಳಿಯುವ ರಾತ್ರಿಯನ್ನು ನೆನೆದು ಕೇಳುವ ಮಾತಿದು. ಆದರೂ ನನ್ನ ಉತ್ತರ, ಬೇಡ ಎಂದೇ. ಕಣ್ಣಾರೆ ನೋಡದ ಮನೆಗೆ, ಪರಿಚಯವಿಲ್ಲದ ವ್ಯಕ್ತಿಯ ಖಾತೆಗೆ, ತುಮಕೂರಿನಿಂದ ಒಂದು ಯೂರೋವನ್ನೂ ಕಳಿಸಬೇಡಿ.

ಇದಕ್ಕೆ ಒಂದು ಅಪವಾದವುಂಟು. ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ಸ್ಟುಡೀರೆಂಡೆನ್‌ವೆರ್ಕ್ ಎಂಬ ಸಾರ್ವಜನಿಕ ಸಂಸ್ಥೆ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತದೆ; ಅದಕ್ಕೆ ಇಲ್ಲಿಂದಲೇ ಅರ್ಜಿ ಹಾಕಬಹುದು, ಅದು ಕೇಳಿದ ಹಣವನ್ನು ನಂಬಿ ಕಟ್ಟಬಹುದು. ಮ್ಯೂನಿಕ್‌ನಂಥ ನಗರಗಳಲ್ಲಿ ಸರದಿ ಒಂದೆರಡು ಸೆಮಿಸ್ಟರ್ ಮೀರುವುದುಂಟು. ಆದ್ದರಿಂದ ವೀಸಾ ಕೈಗೆ ಬರಲೆಂದು ಕಾಯದೆ, ಅರ್ಜಿ ಸ್ವೀಕರಿಸುವ ಮೊದಲ ದಿನವೇ ಹಾಕಿಬಿಡಿ.

ಉಳಿದಂತೆ ಜಾಹೀರಾತುಗಳಲ್ಲಿ ಕಾಣುವ ಮೋಸಕ್ಕೆ ಹೆಚ್ಚುಕಡಿಮೆ ಒಂದೇ ರೂಪ. ಊರ ನಡುವಿನ ಸುಸಜ್ಜಿತ ಮನೆ, ಬಾಡಿಗೆ ಮಾತ್ರ ಸುತ್ತಲಿನ ದರಕ್ಕಿಂತ ಬಹಳ ಕಡಿಮೆ. ಮಾಲೀಕರು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರಂತೆ. ಠೇವಣಿ ಮತ್ತು ಮೊದಲ ತಿಂಗಳ ಬಾಡಿಗೆ ಕಳಿಸಿದರೆ ಬೀಗದ ಕೈಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರಂತೆ. ನಂಬಿಕೆ ಹುಟ್ಟಲೆಂದು ಪಾಸ್‌ಪೋರ್ಟಿನ ಪ್ರತಿಯೊಂದನ್ನು ಲಗತ್ತಿಸಿರುತ್ತಾರೆ. ಅದು ಹಿಂದೆ ಇದೇ ಬಲೆಗೆ ಬಿದ್ದ ಇನ್ನಾರದೋ ಆಗಿರಬಹುದು, ಆದ್ದರಿಂದ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ.

ಹಾಗಾದರೆ ಇಲ್ಲಿಂದ ಏನು ಮಾಡಿಕೊಳ್ಳಬೇಕು? ಮೊದಲ ಕೆಲವು ವಾರಗಳ ತಾತ್ಕಾಲಿಕ ವಸತಿಯನ್ನು ಮಾತ್ರ. ಅದನ್ನು ಆರಿಸುವಾಗ ಬಾಲ್ಕನಿಯನ್ನೋ ಬಸ್ ನಿಲ್ದಾಣವನ್ನೋ ನೋಡುವುದಕ್ಕಿಂತ, ಆ ವಿಳಾಸದಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳುವುದು ಮುಖ್ಯ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ಅನ್ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಬೇಕು; 2015ರ ನವೆಂಬರ್‌ನಿಂದ ಅದಕ್ಕೆ ವಸತಿ ಕೊಟ್ಟವರ ಸಹಿಯುಳ್ಳ ದೃಢೀಕರಣ ಪತ್ರವೂ ಕಡ್ಡಾಯ. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ; ವಾಸದ ಪರವಾನಗಿಗೂ ನೋಂದಣಿಯ ಕಾಗದವನ್ನು ಕೇಳುತ್ತಾರೆ. ಅನೇಕ ಹಾಸ್ಟೆಲ್‌ಗಳು ಈ ದೃಢೀಕರಣ ಕೊಡುವುದಿಲ್ಲ. ಸೆಮಿಸ್ಟರ್ ಮಟ್ಟಿಗೆ ಬೇರೆ ಊರಿಗೆ ಹೋಗುವ ವಿದ್ಯಾರ್ಥಿಗಳು ಮಾಲೀಕರ ಒಪ್ಪಿಗೆ ಪಡೆದು ತಮ್ಮ ಕೋಣೆಯನ್ನು ಪೀಠೋಪಕರಣ ಸಮೇತ ಒಳಬಾಡಿಗೆಗೆ ಕೊಡುತ್ತಾರೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ. ಸೇರಿದ ದಿನವೇ ಕೆಳಗಿನ ಅಂಚೆಪೆಟ್ಟಿಗೆಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಕಾಗದ ಹಾಕುವುದಿಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ಹಣದ ಲೆಕ್ಕದಲ್ಲಿ ನಮ್ಮವರು ಎಡವುವುದು ಬ್ಲಾಕ್ಡ್ ಅಕೌಂಟಿನ, ಅಂದರೆ ವೀಸಾಕ್ಕಾಗಿ ಮೊದಲೇ ಹಣ ಕಟ್ಟಿಟ್ಟು ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆಯ, ವಿಷಯದಲ್ಲಿ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ವರ್ಷಕ್ಕೆ 11,904 ಯೂರೋ ತೋರಿಸಬೇಕೆಂಬ ನಿಯಮವಿದೆ. ಅಷ್ಟು ದೊಡ್ಡ ಮೊತ್ತವಿರುವಾಗ ಠೇವಣಿಗೇನು ಚಿಂತೆ ಎಂದು ತಂದೆಯರು ನನ್ನನ್ನು ಕೇಳುತ್ತಾರೆ. ಆದರೆ ಆ ಖಾತೆಯಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ ಮಾತ್ರ, ಅದರಲ್ಲೇ ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲವೂ ನಡೆಯಬೇಕು. ಠೇವಣಿಗೆಂದು ಬೇರೆಯೇ ಹಣ ಇಟ್ಟುಕೊಂಡು ಹೋಗಿ. ಅಲ್ಲಿ ಠೇವಣಿ ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ. ಅದನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕೂ ಬಾಡಿಗೆದಾರರಿಗಿದೆ. ಎಸ್‌.ಎಸ್‌. ಪುರಂನಲ್ಲೋ ಅಶೋಕನಗರದಲ್ಲೋ ಅಡ್ವಾನ್ಸ್ ಎಷ್ಟೆಂದು ಮಾಲೀಕರೊಡನೆ ಚೌಕಾಸಿ ಮಾಡಿ ಬೆಳೆದ ನಮಗೆ ಇದು ಹೊಳೆಯುವುದೇ ಇಲ್ಲ. ಮಾಲೀಕರು ನೇಮಿಸಿದ ಬ್ರೋಕರ್‌ಗೆ ನೀವು ಕಮಿಷನ್ ಕೊಡಬೇಕಾಗಿಲ್ಲ. 2015ರ ಜೂನ್‌ನಿಂದ ಬಾಡಿಗೆ ಮನೆಗಳಲ್ಲಿ ಕರೆಸಿಕೊಂಡವರೇ ತೆರಬೇಕು. ಜಾಹೀರಾತಿನಲ್ಲಿ ಎರಡು ಬಾಡಿಗೆ ಕಂಡರೆ, ಕಾಲ್ಟ್‌ಮೀಟೆ ಮೂಲ ಬಾಡಿಗೆ, ವಾರ್ಮ್‌ಮೀಟೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ಇತ್ಯಾದಿ ಸೇರಿದ ಮೊತ್ತ. ವಿದ್ಯುತ್ ಮತ್ತು ಇಂಟರ್ನೆಟ್ ಬಹುಪಾಲು ಬೇರೆ. ಖಾಲಿ ಮನೆಯೆಂದರೆ ಅಡುಗೆಮನೆಯಲ್ಲಿ ಸಿಂಕ್ ಕೂಡ ಇಲ್ಲದಿರಬಹುದು. ಮೊದಲ ವರ್ಷ ಆ ಗೋಜು ಬೇಡ.

ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೊನೆಗೆ ಸೇರುವುದು ವೇಗೇ ಎನ್ನುವ ಹಂಚಿಕೆಯ ಮನೆಗೆ. ಅಲ್ಲಿ ಈಗಾಗಲೇ ಇರುವವರು ಕರೆದು ಮಾತನಾಡಿಸಿ ಒಬ್ಬರನ್ನು ಆರಿಸುತ್ತಾರೆ. ನಮ್ಮಲ್ಲಿ ಬಾಡಿಗೆಗೆ ಹೋದಾಗ ಯಾವ ಜನ, ಏನು ತಿನ್ನುತ್ತೀರಿ ಎಂದು ಕೇಳುವುದನ್ನು ನಾನು ಎಂದೂ ಒಪ್ಪಿದವಳಲ್ಲ. ಅಲ್ಲಿನವರು ಹೆಚ್ಚಾಗಿ ಕೇಳುವುದು ಸ್ನಾನದಮನೆ ತೊಳೆಯುವ ಸರದಿ, ಮಲಗುವ ಹೊತ್ತು, ಒಟ್ಟಿಗೆ ಅಡುಗೆ ಮಾಡುವ ಇಷ್ಟದ ಬಗ್ಗೆ. ನೀವು ಸಸ್ಯಾಹಾರಿಯಾಗಿದ್ದು ಪಾತ್ರೆ ಬೇರೆ ಇರಬೇಕೆನ್ನುವುದಾದರೆ ಅದನ್ನು ಆ ದಿನವೇ ಹೇಳಿ. ಒಗ್ಗರಣೆಯ ಘಾಟನ್ನೂ ಮುಚ್ಚಿಡಬೇಡಿ. ಎಲ್ಲರಿಗೂ ಕಳಿಸುವ ಒಂದೇ ಇಂಗ್ಲಿಷ್ ಸಂದೇಶಕ್ಕೆ ಉತ್ತರ ಬರುವುದು ಅಪರೂಪ. ಅವರ ಜಾಹೀರಾತನ್ನು ಓದಿದ್ದೀರೆಂದು ತೋರುವ ನಾಲ್ಕು ಸಾಲಿನ ಜರ್ಮನ್ ಪತ್ರಕ್ಕೆ ಬೆಲೆಯಿದೆ.

ಮನೆ ಸಿಕ್ಕಿ ಬೀಗದ ಕೈ ಪಡೆಯುವ ದಿನ ಅವಸರಪಡಬೇಡಿ. ಹಸ್ತಾಂತರದ ಪಟ್ಟಿಯೊಂದನ್ನು ಇಬ್ಬರೂ ಸೇರಿ ಬರೆಯುವ ಪದ್ಧತಿಯಿದೆ: ಮೀಟರಿನ ಅಂಕಿ, ಬೀಗದ ಕೈಗಳ ಸಂಖ್ಯೆ, ಮರದ ನೆಲದ ಮೇಲಿನ ಗೀರು, ನಲ್ಲಿಯ ಬುಡದಲ್ಲಿ ಕಟ್ಟಿದ ಸುಣ್ಣ, ಕಿಟಕಿಯ ಮೂಲೆಯ ಬೂಷ್ಟು. ಪ್ರತಿಯೊಂದರ ಫೋಟೋ ತೆಗೆದು, ಸಹಿಯಾದ ಪ್ರತಿಯೊಡನೆ ಇಟ್ಟುಕೊಳ್ಳಿ. ಮನೆ ಬಿಡುವಾಗ ಠೇವಣಿಯಿಂದ ಎಷ್ಟು ಮುರಿದುಕೊಳ್ಳಬೇಕೆಂಬ ವಾದ ಎದ್ದರೆ ಆಧಾರಕ್ಕೆ ಸಿಗುವುದು ಅದೇ. ಬಿಡುವ ನೋಟಿಸನ್ನು ಸಾಮಾನ್ಯ ಕರಾರಿನಲ್ಲಿ ಮೂರು ತಿಂಗಳು ಮೊದಲೇ, ಸಹಿ ಹಾಕಿದ ಕಾಗದದಲ್ಲಿ ಕೊಡಬೇಕು. ಇಮೇಲ್ ಅಥವಾ ವಾಟ್ಸಾಪ್ ಸಂದೇಶ ಸಾಲದು.