ಬೇವಿನ ಕೊಂಬೆ, ಸುಣ್ಣದ ಗುರುತು

ನಾನು ಎಂಟನೇ ತರಗತಿಗೆ ಸೇರಿದ್ದು 2010ರಲ್ಲಿ. ಒಂದು ದಿನ ಪಿ.ಟಿ. ಮೇಷ್ಟ್ರು ಎತ್ತರ ಜಿಗಿತ ಕಲಿಸಲು ನಮ್ಮನ್ನೆಲ್ಲ ಮೈದಾನದ ಮೂಲೆಯ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು. "ಓಡಿ ಬಂದು ಆ ಕೊಂಬೆ ಮುಟ್ಟಿ" ಅಂದರು. ನಮ್ಮ ಕಣ್ಣೆಲ್ಲ ಕೊಂಬೆಯ ಮೇಲೆ. ಅವರು ನೋಡುತ್ತಿದ್ದದ್ದು ನಮ್ಮ ಕಾಲು. "ನಿಂದು ಎಡಗಾಲು. ಇನ್ಮೇಲೆ ಬಲಗಡೆಯಿಂದ ಓಡಿ ಬಾ" ಅಂದರು ನನಗೆ. ನೆಲ ಒದೆಯುವ ಕಾಲು ದಾಟಬೇಕಾದ ಅಡ್ಡಪಟ್ಟಿಯಿಂದ ಆಚೆಗಿರಬೇಕು, ಪಟ್ಟಿಗೆ ಹತ್ತಿರದ ಕಾಲು ಮೊದಲು ಮೇಲೇಳಬೇಕು. ನಾನು ಕಲಿತ ಮೊದಲ ಪಾಠ ಅದು.

ಶಾಲೆಯಲ್ಲಿ ಪಟ್ಟಿಯ ಬದಲು ಹಗ್ಗ; ಮೊದಲ ಎರಡು ವಾರ ಅವರು ಅದನ್ನೂ ಕಟ್ಟಲಿಲ್ಲ. ಬರೀ ಓಟ. ಕಂಬದಿಂದ ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಏಳು ಹೆಜ್ಜೆ ಓಡಿಸುತ್ತಿದ್ದರು. ಏಳನೇ ಹೆಜ್ಜೆ ಬಿದ್ದಲ್ಲಿ ಸುಣ್ಣದ ಗುರುತು. ಪ್ರತಿಯೊಬ್ಬರಿಗೂ ಅವರವರದೇ ಗುರುತು. ಕೊನೆಯ ಎರಡು ಹೆಜ್ಜೆಗೆ ಚಪ್ಪಾಳೆ ತಟ್ಟುತ್ತಿದ್ದರು: ಒಂದು ನಿಧಾನ, ಇನ್ನೊಂದು ಪಟ್ ಅಂತ. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ.

ಹೋಬಳಿ ಕ್ರೀಡಾಕೂಟದಲ್ಲಿ 1.15 ಮೀಟರ್‌ಗೆ ಎರಡು ಸಲ ಪಟ್ಟಿ ಬೀಳಿಸಿದೆ. ಇನ್ನೊಂದು ಸಲ ಬಿದ್ದರೆ ಹೊರಗೆ. ಅಳು ಬಂದಿತ್ತು. ಮೇಷ್ಟ್ರು ಧೈರ್ಯದ ಮಾತು ಒಂದೂ ಆಡಲಿಲ್ಲ. "ಮೇಲೆ ಹೋಗುವಾಗಲೇ ತಾಗ್ತಾ ಇದೆ. ಅಂದ್ರೆ ಜಾಸ್ತಿ ಹತ್ತಿರ ಬಂದಿದ್ದೀಯ. ಗುರುತು ಒಂದು ಪಾದ ಹಿಂದಕ್ಕೆ ತಗೋ" ಅಂದರು. ಅಷ್ಟೇ. ದಾಟಿದೆ. ಹೆದರಿದ ಮಗುವಿಗೆ "ಹೆದರಬೇಡ" ಅನ್ನುವುದಕ್ಕಿಂತ ಕಾಲು ಎಲ್ಲಿಡಬೇಕು ಅಂತ ಹೇಳುವುದೇ ದೊಡ್ಡ ಸಹಾಯ ಅಲ್ವಾ? ನಾನೂ ಈಗ ಮಕ್ಕಳಿಗೆ ಪಾಠ ಹೇಳುತ್ತೇನೆ. ದಿನಾ ಆ ಮಾತು ನೆನಪಾಗುತ್ತದೆ.

ನಮ್ಮದು ಕತ್ತರಿ ಜಿಗಿತ: ಒಂದಾದ ಮೇಲೊಂದು ಕಾಲನ್ನು ಕತ್ತರಿಯ ಹಾಗೆ ಎತ್ತಿ ಪಟ್ಟಿ ದಾಟುವುದು. ಟಿವಿಯಲ್ಲಿ ನೋಡಿದ ಹಾಗೆ ಬೆನ್ನು ಕೆಳಗೆ ಮಾಡಿ ಹಾರಲು ಒಬ್ಬ ಹುಡುಗ ಹೊರಟಾಗ ಮೇಷ್ಟ್ರು ಓಡಿ ಬಂದು ತಡೆದರು. ಅಮೆರಿಕದ ಡಿಕ್ ಫಾಸ್‌ಬರಿ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಹಾಗೆ ಹಾರಿಯೇ 2.24 ಮೀಟರ್ ದಾಟಿ ಚಿನ್ನ ಗೆದ್ದರು, ನಿಜ. ಆದರೆ ಅವರು ಬೀಳುತ್ತಿದ್ದದ್ದು ಮೆತ್ತನೆಯ ಫೋಮ್ ಮೇಲೆ. ನಮ್ಮ ಗುಂಡಿಯ ಮರಳಿನಲ್ಲಿ ಹಾಗೆ ಬಿದ್ದರೆ ಕುತ್ತಿಗೆಯ ಗತಿ ಏನು? ಮುಂದೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋದಾಗ, ಅಲ್ಲಿನ ದಪ್ಪ ಹಾಸಿಗೆಯ ಮೇಲೆ ಅವರೇ ಅದನ್ನೂ ಕಲಿಸಿದರು.

2012ರ ಜೂನ್‌ನಲ್ಲಿ, ನಾವು ಹತ್ತನೇ ತರಗತಿಗೆ ಬಂದ ಹೊಸದರಲ್ಲಿ, ದಕ್ಷಿಣ ಕನ್ನಡದ ಸಹನಾ ಕುಮಾರಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಲಂಡನ್ ಒಲಿಂಪಿಕ್ಸ್‌ಗೂ ಹೋದರು. ಮೇಷ್ಟ್ರು ಟೇಪ್ ಹಿಡಿದು ಶಾಲೆಯ ಗೋಡೆ ಮೇಲೆ ಆ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಕೆಳಗೆ ನಿಂತರು. ಗೆರೆ ಅವರ ತಲೆಗಿಂತ ಒಂದು ಗೇಣು ಮೇಲಿತ್ತು. ಹುಡುಗಿಯರೆಲ್ಲ ಸರದಿಯಲ್ಲಿ ನಿಂತು ಕೈ ಚಾಚಿ ಅದನ್ನು ಮುಟ್ಟಿದೆವು.

ಈ ವರ್ಷ ಶಾಲೆಗೆ ಬಂದಿದ್ದೆ. ಗೋಡೆಗೆ ಹೊಸ ಬಣ್ಣ ಬಂದಿದೆ. ಗುಂಡಿಯ ಮರಳು ಗಟ್ಟಿಯಾಗಿದೆ. ಮಕ್ಕಳೇ, ಜಿಗಿಯುವ ಮೊದಲು ದಯವಿಟ್ಟು ಅದನ್ನು ಅಗೆದು ಸಡಿಲ ಮಾಡಿಕೊಳ್ಳಿ. ನಮ್ಮಿಂದ ಆ ಕೆಲಸ ಮಾಡಿಸದೆ ಮೇಷ್ಟ್ರು ಒಂದು ದಿನವೂ ಹಗ್ಗ ಕಟ್ಟಿದವರಲ್ಲ. ಗುದ್ದಲಿ ಆಗ ಸ್ಟೋರ್ ರೂಮಿನ ಬಾಗಿಲ ಹಿಂದೆ ಇರುತ್ತಿತ್ತು.