ಹನ್ನೊಂದನೇ ಕೊಠಡಿಯ ಎರಡು ಸತ್ಯವೇದಗಳು

1984ರಿಂದ 1987ರವರೆಗೆ ಹಾಸನದ ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಗ ಹಾಸ್ಟೆಲಿನ ಹನ್ನೊಂದನೇ ಕೊಠಡಿಯಲ್ಲಿ ನನ್ನ ಜೊತೆಗಿದ್ದವನು ಒಬ್ಬ ಕಥೋಲಿಕ ಗೆಳೆಯ. ಗೊರೂರಿನ ಹೇಮಾವತಿ ಜಲಾಶಯಕ್ಕೆ ಮನೆ, ಜಮೀನು ಬಿಟ್ಟುಕೊಟ್ಟು ಶೆಟ್ಟಿಹಳ್ಳಿಯ ಕಡೆಯಿಂದ ಎದ್ದು ಬಂದ ಕುಟುಂಬ ಅವನದು. ನಮ್ಮದು ವೆಸ್ಲಿಯನ್ ಮಿಷನ್ನಿನ ಕಾಲದಿಂದಲೂ ಹಾಸನದಲ್ಲೇ ನೆಲೆಸಿದ್ದ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಗೆ ಸೇರಿದ ಮನೆತನ. ಅವನ ಮೇಜಿನ ಮೇಲೊಂದು, ನನ್ನ ದಿಂಬಿನ ಬಳಿಯೊಂದು ಸತ್ಯವೇದ, ಅಂದರೆ ಬೈಬಲ್, ಇತ್ತು. ದೀಪ ಆರಿಸುವ ಮುನ್ನ ಒಂದು ಜಗಳವೂ ಇರುತ್ತಿತ್ತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅವನು ಶುಕ್ರವಾರಗಳಂದು ಮಾಂಸ ಮುಟ್ಟುತ್ತಿರಲಿಲ್ಲ, ಪಾಪನಿವೇದನೆ ತಪ್ಪಿಸುತ್ತಿರಲಿಲ್ಲ. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ ದೊರೆತ ಮೇಲೆ ಈ ನೇಮಗಳೆಲ್ಲ ಏಕೆ ಎಂದು ನಾನು ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರವನ್ನು ಮುಂದಿಡುತ್ತಿದ್ದೆ. 'ಕರ್ತನೇ, ಕರ್ತನೇ' ಎಂದು ಕರೆಯುವವರೆಲ್ಲರೂ ಪರಲೋಕರಾಜ್ಯವನ್ನು ಸೇರುವುದಿಲ್ಲ, ತಂದೆಯ ಚಿತ್ತದಂತೆ ನಡೆಯುವವನೇ ಸೇರುವನು ಎಂಬ ಯೇಸುವಿನ ಮಾತನ್ನು ಮತ್ತಾಯನ ಏಳನೆಯ ಅಧ್ಯಾಯದಿಂದ ಅವನು ತೆಗೆಯುತ್ತಿದ್ದ. ಇಬ್ಬರಿಗೂ ವಾಕ್ಯಗಳು ಬಾಯಿಪಾಠವಾಗಿದ್ದವು. ಗೆದ್ದವನು ನಾನೇ ಎಂದು ಬಹಳ ದಿನ ನಂಬಿದ್ದೆ.

ಎರಡನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಅವನಿಗೆ ಜ್ವರ ಬಂತು. ನಾನು ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ, ನಿಜವಾದ ಭಕ್ತಿಯಿಂದಲೇ ಪ್ರಾರ್ಥಿಸಿ, 'ದೇವರು ಗುಣಪಡಿಸುತ್ತಾನೆ ಕಣೋ' ಎಂದು ಹೇಳಿ ಗ್ರಂಥಾಲಯಕ್ಕೆ ಹೊರಟುಹೋದೆ. ಸಂಜೆ ಮರಳಿದಾಗ ಕಿಟಕಿಯ ಕಟ್ಟೆಯ ಮೇಲೆ ಗಂಜಿ ಕುಡಿದ ಸ್ಟೀಲ್ ಲೋಟವಿತ್ತು, ಅಂಚಿಗೆ ಅನ್ನದ ಅಗುಳು ಒಣಗಿ ಅಂಟಿತ್ತು. ಮೆಸ್ಸಿನ ಅಡುಗೆಯವರು ಮಧ್ಯಾಹ್ನ ಎರಡು ಸಲ ಬಂದು, ಹಣೆಗೆ ಒದ್ದೆ ಬಟ್ಟೆ ಹಾಕಿ ಹೋಗಿದ್ದರಂತೆ. ಗೆಳೆಯ ನನ್ನನ್ನು ಆಕ್ಷೇಪಿಸಲಿಲ್ಲ. ಆ ರಾತ್ರಿ ನಾನೇ ಯಾಕೋಬನ ಪತ್ರದ ಎರಡನೆಯ ಅಧ್ಯಾಯವನ್ನು ತೆರೆದೆ. ಬಟ್ಟೆಯೂ ಆಹಾರವೂ ಇಲ್ಲದ ಸಹೋದರನಿಗೆ ಏನನ್ನೂ ಕೊಡದೆ, 'ಸಮಾಧಾನದಿಂದ ಹೋಗು, ಬೆಂಕಿ ಕಾಯಿಸಿಕೋ, ಹೊಟ್ಟೆ ತುಂಬಿಸಿಕೋ' ಎಂದರೆ ಪ್ರಯೋಜನವೇನು ಎಂಬ ಪ್ರಶ್ನೆ ಅಲ್ಲಿದೆ. ಅದನ್ನು ಎಷ್ಟೋ ಸಲ ಓದಿದ್ದೆ. ನನ್ನನ್ನೇ ಕುರಿತದ್ದೆಂದು ಅಂದೇ ತಿಳಿದದ್ದು.

ಹಾಗಾದರೆ ಪೌಲನು ತಪ್ಪೇ? ಈ ಸಂಕಟವನ್ನು ನಮ್ಮ ಚರಿತ್ರೆಯ ಮೇಷ್ಟ್ರ ಬಳಿಗೆ ಕೊಂಡೊಯ್ದೆ. ಅವರು ಕ್ರೈಸ್ತರಲ್ಲ. 'ಇವೆರಡೂ ಕಾಗದಗಳು ತಾನೆ? ಕಾಗದಕ್ಕೆ ವಿಳಾಸ ಇರುತ್ತೆ. ಯಾರಿಗೆ ಬರೆದದ್ದು ಅಂತ ಮೊದಲು ನೋಡಪ್ಪ' ಎಂದರು. ಮುಂದಿನ ಭಾನುವಾರ ನಾವಿಬ್ಬರೂ ಮೊದಲ ಬಾರಿಗೆ ಎರಡು ಸತ್ಯವೇದಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಿದೆವು. ಸುನ್ನತಿಯಾಗದೆ ದೇವಜನರಾಗಲಾರಿರಿ ಎಂಬ ಒತ್ತಡಕ್ಕೆ ಸಿಕ್ಕಿದ್ದ ಗಲಾತ್ಯದ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಪೌಲನು ತನ್ನ ಇನ್ನೊಂದು ಪತ್ರವನ್ನು ಬರೆಯುತ್ತಿದ್ದ. ಬಂಗಾರದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುತ್ತಿದ್ದವರಿಗೆ ಯಾಕೋಬನು ಬರೆಯುತ್ತಿದ್ದ. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಅವನ ನಂಬಿಕೆ ನೀತಿಯೆಂದು ಎಣಿಸಲ್ಪಟ್ಟದ್ದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ. ಆಮೇಲೆ ಮಗ ಇಷ್ಮಾಯೇಲ್ ಹುಟ್ಟಿದಾಗ ಅವನಿಗೆ 86 ವರ್ಷ, ಸುನ್ನತಿಯಾದಾಗ 99. ಅಂದರೆ ನೇಮ ಬರುವುದಕ್ಕೆ ಕನಿಷ್ಠ 13 ವರ್ಷ ಮೊದಲೇ ದೇವರು ಅವನನ್ನು ಒಪ್ಪಿಕೊಂಡಿದ್ದ. ಪೌಲನ ವಾದ ನಿಂತಿರುವುದು ಈ ಕಾಲಕ್ರಮದ ಮೇಲೆ. ಯಾಕೋಬನೋ 22ನೆಯ ಅಧ್ಯಾಯಕ್ಕೆ, ಮಗ ಇಸಾಕನನ್ನು ಯಜ್ಞವೇದಿಯ ಮೇಲಿಟ್ಟ ದಿನಕ್ಕೆ ಹೋಗಿ, ಆ ನಂಬಿಕೆ ಜೀವಂತವಾಗಿತ್ತೆಂಬುದಕ್ಕೆ ಗುರುತನ್ನು ತೋರಿಸುತ್ತಾನೆ. ಆ 13 ವರ್ಷದ ಲೆಕ್ಕವನ್ನು ಪೆನ್ಸಿಲ್ಲಿನಲ್ಲಿ ಬರೆದವನು ಗೆಳೆಯ.

ಆಮೇಲೆ ಮೇಷ್ಟ್ರು ಕೊಟ್ಟ ಪುಸ್ತಕಗಳನ್ನು ಓದುತ್ತ ಹೋದಂತೆ ನಾವಿಬ್ಬರೂ ಎದುರಾಳಿಯ ನೆರಳಿನೊಡನೆ ಹೋರಾಡಿದ್ದೆವೆಂಬುದು ಸ್ಪಷ್ಟವಾಯಿತು. ಪ್ರಾಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯಕ್ಕೆ ('ನಂಬಿಕೆಯಿಂದ ಮಾತ್ರ' ಎಂದಾಗುವಂತೆ) 'ಮಾತ್ರ' ಎಂಬ ಪದವನ್ನು ಸೇರಿಸಿದ್ದೂ, ಯಾಕೋಬನ ಪತ್ರವನ್ನು ಹುಲ್ಲಿನ ಪತ್ರವೆಂದು ಕರೆದದ್ದೂ ನಿಜ. ಆದರೆ 1529ರಲ್ಲಿ ಅವನೇ ಬರೆದ ಪ್ರಶ್ನೋತ್ತರ ಬೋಧೆ ಆರಂಭವಾಗುವುದು ಹತ್ತು ಆಜ್ಞೆಗಳಿಂದ. ಕಥೋಲಿಕರು ಕ್ರಿಯೆಗಳಿಂದಲೇ ಮೋಕ್ಷವೆನ್ನುತ್ತಾರೆಂದು ನಾನು ಹೇಳುತ್ತಿದ್ದೆ. ಕ್ರಿಸ್ತನ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದೆನ್ನುವವನನ್ನು ಕಥೋಲಿಕ ಸಭೆಯದೇ ಆದ ಟ್ರೆಂಟ್ ಮಹಾಸಭೆಯ 1547ರ ನಿರ್ಣಯದ ಮೊದಲನೆಯ ನಿಯಮವೇ ಖಂಡಿಸುತ್ತದೆ. ನನ್ನ ಅಜ್ಜಂದಿರಿಗೆ ದಾರಿ ತೋರಿದ ಜಾನ್ ವೆಸ್ಲಿಗೆ 1738ರ ಮೇ 24ರಂದು ಮನಸ್ಸು ಬೆಚ್ಚಗಾದದ್ದು ಲೂಥರನ ಪೀಠಿಕೆಯೊಂದನ್ನು ಕೇಳುವಾಗ. ನಂಬಿಕೆಯು ಸುಮ್ಮನೆ ಕೂರಲಾರದು, ಒಳ್ಳೆಯದನ್ನು ಮಾಡುತ್ತಲೇ ಇರುತ್ತದೆ ಎಂಬ ಮಾತಿರುವುದು ಆ ಪೀಠಿಕೆಯಲ್ಲೇ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಮತ್ತು ಕಥೋಲಿಕ ಸಭೆಗಳು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದಾಗ ಗೆಳೆಯನೇ ನನಗೆ ಫೋನ್ ಮಾಡಿದ. 2006ರಲ್ಲಿ ವೆಸ್ಲಿಯ ದಾರಿಯವರಾದ ಮೆಥಡಿಸ್ಟರೂ ಅದಕ್ಕೆ ಸೇರಿದಾಗ ನಾನು ಅವನಿಗೆ ಮಾಡಿದೆ. ಆದರೂ ಪ್ರಭುವಿನ ಮೇಜು, ಅಂದರೆ ರೊಟ್ಟಿ-ದ್ರಾಕ್ಷಾರಸದ ಪರಮಪ್ರಸಾದ, ಇಂದಿಗೂ ಎರಡಾಗಿಯೇ ಉಳಿದಿದೆ, ಆ ನೋವು ನನಗಿದೆ. ಅವನ ಮಗಳ ಮದುವೆ ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯದಲ್ಲಿ ನಡೆಯಿತು. ಪರಮಪ್ರಸಾದಕ್ಕೆ ಎಲ್ಲರೂ ಸಾಲಿನಲ್ಲಿ ಹೊರಟಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತೇ ಇದ್ದೆ. ಗೆಳೆಯ ಸ್ವೀಕರಿಸಿ ಮರಳುವಾಗ ಮುಂದಿನ ಸಾಲಿನ ತನ್ನ ಜಾಗಕ್ಕೆ ಹೋಗದೆ, ನಡುದಾರಿಯಲ್ಲಿ ಹಿಂದಕ್ಕೆ ನಡೆದು ಬಂದು, ನನ್ನ ಪಕ್ಕದಲ್ಲಿ ಮೊಣಕಾಲೂರಿದ.